ವಂಶವೃಕ್ಷ: ಹುಡುಕುವ ಬಗೆ, ಅಳೆಯುವ ಬಗೆ

ತರಗತಿಯಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಇದಕ್ಕೆ ಉಪಕರಣ ಬೇಡ, ಖರ್ಚೂ ಇಲ್ಲ. ತಂದೆಯ ತಂದೆಯ ತಂದೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆಯಲು ವಿದ್ಯಾರ್ಥಿಗಳಿಗೆ ಹೇಳಿ. ಕೆಲವರು ಕೂಡಲೇ ಬರೆಯುತ್ತಾರೆ, ಕೆಲವರು ಮನೆಯಲ್ಲಿ ಕೇಳಿ ಬರುತ್ತೇವೆ ಎನ್ನುತ್ತಾರೆ. ಅನಂತರ ತಾಯಿಯ ತಾಯಿಯ ತಾಯಿಯ ಹೆಸರನ್ನು ಬರೆಯಲು ಹೇಳಿ. ಬಹುತೇಕ ಚೀಟಿಗಳು ಖಾಲಿಯಾಗಿ ಬರುತ್ತವೆ. ಆ ಮುತ್ತಜ್ಜನೂ ಈ ಮುತ್ತಜ್ಜಿಯೂ ಮಗುವಿನಿಂದ ಸರಿಯಾಗಿ ಮೂರು ತಲೆಮಾರು ದೂರದಲ್ಲಿದ್ದಾರೆ. ಇಬ್ಬರಿಂದಲೂ ಮಗುವಿಗೆ ಸರಾಸರಿ ಎಂಟನೆಯ ಒಂದು ಭಾಗದಷ್ಟು ವಂಶವಾಹಿ ದ್ರವ್ಯ ಬಂದಿರುತ್ತದೆ. ಆದರೂ ಒಬ್ಬರ ಹೆಸರು ಉಳಿದಿದೆ, ಇನ್ನೊಬ್ಬರದು ಅಳಿದಿದೆ. ಏಕೆ?

ನನ್ನ ಹಿರಿಯರ ಊರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕುಬಿಹಾಳ. ಭೌತವಿಜ್ಞಾನ ಕಲಿಸುವುದು ನನ್ನ ವೃತ್ತಿ, ಇತಿಹಾಸ ನನ್ನ ಕ್ಷೇತ್ರವಲ್ಲ. ಆದರೆ ನಮ್ಮ ಮನೆತನದ ಹಳೆಯ ಕಾಗದಗಳನ್ನು ಹುಡುಕಹೊರಟಾಗ ಇದೂ ಒಂದು ಮಾಪನದ ಕೆಲಸವೇ ಎಂಬುದು ಮನವರಿಕೆಯಾಯಿತು. ಪ್ರತಿಯೊಂದು ದಾಖಲೆಯೂ ಒಂದು ಮಾಪಕ. ಯಾವುದನ್ನು ಅಳೆಯಲು ಅದನ್ನು ಮಾಡಲಾಗಿತ್ತೋ ಅದನ್ನಷ್ಟೇ ಅದು ಚೆನ್ನಾಗಿ ಅಳೆಯುತ್ತದೆ. ಉಳಿದುದನ್ನು ಕಾಣುವುದೇ ಇಲ್ಲ, ಕಂಡರೂ ಮಸುಕಾಗಿ ಕಾಣುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಭಾಗದಲ್ಲಿ ದೊರೆಯುವ ಆಕರಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಒಂದು ಲೆಕ್ಕ

ಪ್ರತಿಯೊಬ್ಬರಿಗೂ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. n ತಲೆಮಾರು ಹಿಂದೆ ಹೋದರೆ 2ರ n ಘಾತದಷ್ಟು ಪೂರ್ವಜರ ಸ್ಥಾನಗಳಿರುತ್ತವೆ. ಹತ್ತನೆಯ ತಲೆಮಾರಿನಲ್ಲಿ 1024, ಇಪ್ಪತ್ತನೆಯದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು, ಮೂವತ್ತನೆಯದರಲ್ಲಿ ನೂರು ಕೋಟಿಗೂ ಹೆಚ್ಚು. ತಲೆಮಾರಿಗೆ 25ರಿಂದ 30 ವರ್ಷ ಎಂದು ಹಿಡಿದರೆ ಮೂವತ್ತು ತಲೆಮಾರು ಎಂದರೆ 750ರಿಂದ 900 ವರ್ಷ. ಆ ಕಾಲದಲ್ಲಿ ಇಡೀ ಪ್ರಪಂಚದ ಜನಸಂಖ್ಯೆಯೇ ನೂರು ಕೋಟಿ ಇರಲಿಲ್ಲ.

ಹಾಗಾದರೆ ಲೆಕ್ಕ ತಪ್ಪೇ? ತಪ್ಪಲ್ಲ. ಸ್ಥಾನಗಳು ಬೇರೆ, ವ್ಯಕ್ತಿಗಳು ಬೇರೆ. ಒಬ್ಬರೇ ಹಲವು ಸ್ಥಾನಗಳಲ್ಲಿ ಕುಳಿತಿರುತ್ತಾರೆ. ನಮ್ಮಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಂದಿಗೆ ಮದುವೆಯಾದವರ ಮಗುವಿಗೆ ಮುತ್ತಜ್ಜ ಮುತ್ತಜ್ಜಿಯರು ಎಂಟಲ್ಲ, ಆರೇ ಮಂದಿ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದಾಗ ಇನ್ನೂ ವಿಚಿತ್ರ: ಆ ಮಗುವಿಗೆ ತಂದೆಯ ಕಡೆಯಿಂದ ಅಜ್ಜ ಅಜ್ಜಿಯರಾಗುವವರೇ ತಾಯಿಯ ಕಡೆಯಿಂದ ಮುತ್ತಜ್ಜ ಮುತ್ತಜ್ಜಿಯರೂ ಆಗುತ್ತಾರೆ. ಆದ್ದರಿಂದ 'ವಂಶವೃಕ್ಷ' ಎಂಬುದು ಅನುಕೂಲಕ್ಕೆ ಇಟ್ಟುಕೊಂಡ ಹೆಸರು. ನಿಜವಾಗಿ ಅದೊಂದು ಬಲೆ. ನಮ್ಮ ಕೈಗೆ ಸಿಗುವುದು ಆ ಬಲೆಯ ಕೆಲವು ಎಳೆಗಳು ಮಾತ್ರ.

ಮನೆಯಿಂದಲೇ ಆರಂಭ

ಕಚೇರಿಗೆ ಹೋಗುವ ಮೊದಲು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಕಾಗದ ಇಂದಲ್ಲ ನಾಳೆ ಸಿಗಬಹುದು, ಹಿರಿಯರ ನೆನಪಿಗೆ ಕಾಯುವ ವ್ಯವಧಾನವಿಲ್ಲ. ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಿರಿ. ಉತ್ತರ ಕರ್ನಾಟಕದಲ್ಲಿ ವಯಸ್ಸಾದ ಹೆಣ್ಣುಮಕ್ಕಳು ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ, ಒಡಪು ಕಟ್ಟಿ ಹೇಳುತ್ತಾರೆ. ಆಗ ಅವಸರ ಮಾಡಬಾರದು. ಒಡಪನ್ನೂ ಬರೆದುಕೊಳ್ಳಬೇಕು.

ಹಿರಿಯರು ಇಸವಿ ಹೇಳುವುದು ಕಡಿಮೆ, ಘಟನೆ ಹೇಳುತ್ತಾರೆ. 'ಪ್ಲೇಗಿನ ವರ್ಷ ಹುಟ್ಟಿದವ' ಎನ್ನುತ್ತಾರೆ. ಹುಬ್ಬಳ್ಳಿ, ಧಾರವಾಡಗಳಿಗೆ ಪ್ಲೇಗು ಬಂದದ್ದು 1898ರಲ್ಲಿ. ಆದರೆ ಅದು ಮುಂದೆಯೂ ಹಲವು ವರ್ಷ ಮರುಕಳಿಸಿತು. ಆದ್ದರಿಂದ ಈ ಗುರುತಿನ ಅನಿಶ್ಚಿತತೆ ದೊಡ್ಡದು. ಇದಕ್ಕೆ ವಿರುದ್ಧವಾಗಿ 1918ರ ಇನ್‌ಫ್ಲುಯೆಂಜಾ ಕೆಲವೇ ತಿಂಗಳುಗಳಲ್ಲಿ ಅಪಾರ ಜನರನ್ನು ಬಲಿ ತೆಗೆದುಕೊಂಡಿತು. ಆ ನೆನಪು ನಿಜವಾದರೆ ಅದು ಹರಿತವಾದ ಗುರುತು.

ಸಂವತ್ಸರದ ಹೆಸರು ಹೇಳಿದರೆ ಇನ್ನೂ ಒಳ್ಳೆಯದು. ಶಾಲಿವಾಹನ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಬರುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ 1 ಬಂದರೆ ಪ್ರಭವ, 0 ಬಂದರೆ ಅಕ್ಷಯ. ಶಕಕ್ಕೆ 78 ಕೂಡಿಸಿದರೆ ಯುಗಾದಿಯ ಹೊತ್ತಿನ ಕ್ರಿಸ್ತಶಕ ವರ್ಷ ದೊರೆಯುತ್ತದೆ. ಉದಾಹರಣೆಗೆ ಶಕ 1798ಕ್ಕೆ 12 ಕೂಡಿಸಿದರೆ 1810. ಅದನ್ನು 60ರಿಂದ ಭಾಗಿಸಿದರೆ ಶೇಷ 10, ಅಂದರೆ ಧಾತು ಸಂವತ್ಸರ. ಇದೇ 1876-77, ದಕ್ಷಿಣ ಭಾರತವನ್ನು ನಡುಗಿಸಿದ ಧಾತು ಬರಗಾಲದ ವರ್ಷ. ಆದರೆ ಧಾತು 1936ರಲ್ಲೂ ಬಂದಿತ್ತು, 1996ರಲ್ಲೂ ಬಂದಿತ್ತು. ಸಂವತ್ಸರ ಅರವತ್ತರ ಚಕ್ರ. ಯಾವ ಸುತ್ತು ಎಂಬುದನ್ನು ತಲೆಮಾರಿನ ಅಂತರ ನೋಡಿ ನಿರ್ಧರಿಸಬೇಕು. ಕಂದಾಯದ ಹಳೆಯ ಕಾಗದಗಳಲ್ಲಿ ಫಸಲಿ ವರ್ಷವಿದ್ದರೆ ಅದಕ್ಕೆ 590 ಕೂಡಿಸಿ, ಒಂದು ವರ್ಷದ ಹೆಚ್ಚುಕಡಿಮೆ ಬಿಟ್ಟುಕೊಳ್ಳಿ.

ಊರು ಆಗ ಯಾರ ಆಳ್ವಿಕೆಯಲ್ಲಿತ್ತು?

ದಾಖಲೆ ಎಲ್ಲಿದೆ ಎಂದು ಕೇಳುವ ಮೊದಲು ಆ ಕಾಲದಲ್ಲಿ ಊರು ಯಾರ ಕೈಯಲ್ಲಿತ್ತು ಎಂದು ಕೇಳಬೇಕು. ಧಾರವಾಡ ಸೀಮೆ 1817-18ರಲ್ಲಿ ಪೇಶವೆಯರಿಂದ ಕಂಪನಿ ಸರ್ಕಾರಕ್ಕೆ ಬಂತು. ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಏಕೀಕೃತ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಈ ಜಿಲ್ಲೆಯಿಂದ ಗದಗ, ಹಾವೇರಿ ಜಿಲ್ಲೆಗಳು ಬೇರೆಯಾದವು.

ಕುಬಿಹಾಳದ ಸುತ್ತಮುತ್ತ ನಕ್ಷೆ ಇನ್ನೂ ಚೂರುಚೂರು. ಕುಂದಗೋಳ ಪಟ್ಟಣ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಸವಣೂರಿನಲ್ಲಿ ನವಾಬರಿದ್ದರು. ಹುಬ್ಬಳ್ಳಿ ಬ್ರಿಟಿಷರದು. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಎತ್ತಿನ ಗಾಡಿಯ ದಾರಿಯೊಳಗೆ ಐದು ಆಡಳಿತಗಳು! ಬೇರೆ ಬೇರೆ ಸಂಸ್ಥಾನದ ಎರಡು ಊರುಗಳ ನಡುವೆ ಮದುವೆಯಾಗಿದ್ದರೆ ಗಂಡಿನ ಕಡೆಯ ಕಾಗದ ಒಂದು ದಫ್ತರದಲ್ಲಿ, ಹೆಣ್ಣಿನ ಕಡೆಯದು ಮತ್ತೊಂದರಲ್ಲಿ ಇರುತ್ತದೆ. ಪೇಶವೆ ಕಾಲದ ಕಾಗದಗಳ ದೊಡ್ಡ ಸಂಗ್ರಹ ಪುಣೆಯ ಪತ್ರಾಗಾರದಲ್ಲಿದೆ. ಹಳೆಯ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಮನೆಯ ಪೆಟ್ಟಿಗೆಯಲ್ಲಿ ಓದಲಾಗದ ಕಾಗದವಿದ್ದರೆ ಎಸೆಯಬೇಡಿ. ಮೋಡಿ ಬಲ್ಲವರಿಗೆ ಅದು ಒಂದು ಗಂಟೆಯ ಕೆಲಸ.

ಉತಾರವೆಂಬ ಎಳೆ

ನಮ್ಮ ಭಾಗದಲ್ಲಿ ಪಹಣಿಗೆ ಉತಾರ ಎನ್ನುತ್ತೇವೆ. ಜಮೀನು ಇದ್ದ ಮನೆತನಕ್ಕೆ ಇದಕ್ಕಿಂತ ಒಳ್ಳೆಯ ಆಕರ ಇನ್ನೊಂದಿಲ್ಲ.

1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟ್ ಅವರ ನೇತೃತ್ವದಲ್ಲಿ ಈ ಸೀಮೆಯ ಬ್ರಿಟಿಷ್ ಹಳ್ಳಿಗಳ ಮೋಜಣಿ ಆರಂಭವಾಯಿತು. ಮೋಜಣಿಗೆ ಬಳಸಿದ್ದು 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ನಲವತ್ತು ಗುಂಟೆ ಸೇರಿದರೆ 43,560 ಚದರ ಅಡಿ, ಒಂದು ಎಕರೆ. ಹೀಗೆ ಅಳೆದ ಹೊಲಕ್ಕೆ ಸರ್ವೆ ನಂಬರು ಬಿತ್ತು. ಮುಂಬಯಿ ಪ್ರಾಂತದ 1903ರ ಹಕ್ಕು ದಾಖಲೆ ಕಾಯ್ದೆಯ ಅನಂತರ ಪ್ರತಿ ಹೊಲದಲ್ಲಿ ಯಾರಿಗೆ ಯಾವ ಹಕ್ಕಿದೆ, ಅದು ಯಾವಾಗ ಕೈ ಬದಲಾಯಿತು ಎಂಬುದನ್ನು ಬರೆದಿಡುವ ಪದ್ಧತಿ ಬಂತು.

ಹುಡುಕುವ ವಿಧಾನ ಸರಳ. ಇಂದಿನ ಉತಾರದ 9ನೆಯ ಅಂಕಣದಲ್ಲಿ ಹಕ್ಕುದಾರರ ಹೆಸರಿರುತ್ತದೆ. 10ನೆಯ ಅಂಕಣದಲ್ಲಿ ಜಮೀನು ಅವರಿಗೆ ಬಂದ ರೀತಿಯೂ ಹಕ್ಕು ಬದಲಾವಣೆಯ ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆ ಹಿಡಿದು ಹಕ್ಕು ಬದಲಾವಣೆಯ ವಹಿ ನೋಡಿದರೆ 'ಇಂಥವರು ತೀರಿಕೊಂಡಿದ್ದರಿಂದ ವಾರಸಾ ಪ್ರಕಾರ ಇಂಥಿಂಥ ಮಕ್ಕಳ ಹೆಸರು ದಾಖಲು' ಎಂಬ ನಮೂದು ಸಿಗುತ್ತದೆ. ಅದರಲ್ಲೇ ಹಿಂದಿನ ಸಂಖ್ಯೆಯ ಸುಳಿವೂ ಇರುತ್ತದೆ. ಕೊಂಡಿಗೆ ಕೊಂಡಿ ಸೇರಿಸುತ್ತ ಹಿಂದಕ್ಕೆ ನಡೆಯಬೇಕು. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿತು. ಅದಕ್ಕೂ ಹಿಂದಿನ ಕೈಬರಹದ ವಹಿಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. 2024ರಿಂದ 'ಭೂ ಸುರಕ್ಷಾ' ಯೋಜನೆಯಲ್ಲಿ ಇವುಗಳ ಸ್ಕ್ಯಾನಿಂಗ್ ಆರಂಭವಾಗಿದೆ.

ಹಿಸ್ಸಾ ಸಂಖ್ಯೆಗಳನ್ನೂ ಗಮನಿಸಿ. 45 ಎಂಬ ಹೊಲ ಮೊದಲು 45/1, 45/2 ಆಗಿ, ಆಮೇಲೆ 45/2ಅ, 45/2ಬ ಆಗಿ ಒಡೆದಿದ್ದರೆ ಅದು ಬಹುಮಟ್ಟಿಗೆ ಅಣ್ಣತಮ್ಮಂದಿರ ಪಾಲಿನ ಚಿತ್ರ. ಹೊಲದ ನಕ್ಷೆಯೇ ವಂಶವೃಕ್ಷದ ನಕ್ಷೆ. ಚೆಕ್ಕುಬಂದಿಯಲ್ಲಿ ಮಗ್ಗುಲ ಹೊಲದವರು ಯಾರೆಂದು ಬರೆದಿರುತ್ತದೆ. ಅವರು ಎಷ್ಟೋ ಸಲ ದಾಯಾದಿಗಳೇ ಆಗಿರುತ್ತಾರೆ. ಆದರೆ ಮಾರಾಟದಿಂದಲೂ ಹೊಲ ಒಡೆಯುತ್ತದೆ, ಆದ್ದರಿಂದ ನಮೂದು ಓದದೆ ತೀರ್ಮಾನಕ್ಕೆ ಬರಬಾರದು.

ಈ ಮಾಪಕದ ದೋಷಗಳೂ ತಿಳಿದಿರಲಿ. ವಾರಸಾ ನಮೂದಿನ ದಿನಾಂಕ ಸಾವಿನ ದಿನಾಂಕವಲ್ಲ. ವರದಿ ಕೊಡುವುದು ಎಷ್ಟೋ ವರ್ಷ ತಡವಾಗಿರಬಹುದು. ಒಟ್ಟು ಕುಟುಂಬದಲ್ಲಿ ಹಿರಿಯ ಮಗನೊಬ್ಬನ ಹೆಸರೇ ದಾಖಲಾಗಿ ತಮ್ಮಂದಿರು ಕಾಣೆಯಾಗಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಭೂಮಿ ಇಲ್ಲದವರನ್ನು ಈ ಮಾಪಕ ಕಾಣುವುದೇ ಇಲ್ಲ. 1974ರ ಭೂಸುಧಾರಣೆಯ ಅನಂತರ ಜಮೀನು ಪಡೆದ ಗೇಣಿದಾರರ ಮನೆತನಗಳಲ್ಲಿ ಹಲವು ಹಕ್ಕುದಾರರಾಗಿ ಉತಾರಕ್ಕೆ ಬಂದದ್ದೇ ಆಗ. ಕೂಲಿ ಮಾಡಿ ಬದುಕಿದ ಮನೆತನ ನೂರು ವರ್ಷ ಅದೇ ಊರಿನಲ್ಲಿದ್ದರೂ ಉತಾರದಲ್ಲಿ ಇಲ್ಲ.

ಶಿಕ್ಷಕರ ಕೈಯಲ್ಲೇ ಇರುವ ಆಕರ

ಭೂಮಿ ಇರಲಿ ಇಲ್ಲದಿರಲಿ, ಮಗು ಶಾಲೆಗೆ ಬಂದಿದ್ದರೆ ದಾಖಲಾತಿ ವಹಿಯಲ್ಲಿ ಅದರ ಹೆಸರಿದೆ. ಹಳೆಯ ಊರಶಾಲೆಯ ವಹಿಗಳು ಅಮೂಲ್ಯ. ತಂದೆಯ ಹೆಸರು, ಜಾತಿ, ಹುಟ್ಟಿದ ದಿನಾಂಕ, ಸೇರಿದ ಮತ್ತು ಬಿಟ್ಟ ದಿನಾಂಕ, ಕೆಲವೊಮ್ಮೆ ಬಿಟ್ಟ ಕಾರಣವೂ ಅದರಲ್ಲಿರುತ್ತದೆ. ಗೆದ್ದಲು, ತೇವಗಳಿಂದ ಅವನ್ನು ಕಾಪಾಡುವುದು ಊರಿನ ಇತಿಹಾಸವನ್ನೇ ಕಾಪಾಡಿದಂತೆ. ಆದರೆ ಹುಟ್ಟಿದ ದಿನಾಂಕದ ವಿಷಯದಲ್ಲಿ ಎಚ್ಚರ ಬೇಕು. ಜೂನ್ 1ರಂದು ಹುಟ್ಟಿದವರು ನಮ್ಮ ವಹಿಗಳಲ್ಲಿ ಎಷ್ಟು ಮಂದಿ ಎಂಬುದು ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಅದು ಮಗು ಹುಟ್ಟಿದ ದಿನವಲ್ಲ, ಶಾಲೆ ಶುರುವಾಗುವ ಹೊತ್ತಿನಲ್ಲಿ ಗುರುಗಳು ಅಂದಾಜಿನಿಂದ ಕೊಟ್ಟ ದಿನ.

ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಹಳೆಯ ಜನನ ವಹಿಯಲ್ಲಿ ಮಗುವಿನ ಹೆಸರು ಹುಡುಕಿದರೆ ಅನೇಕ ವೇಳೆ ಸಿಗದು. ನೋಂದಣಿಯ ಹೊತ್ತಿಗೆ ಹೆಸರಿಟ್ಟಿರುವುದಿಲ್ಲವಾದ್ದರಿಂದ 'ಗಂಡು' ಅಥವಾ 'ಹೆಣ್ಣು' ಎಂದಷ್ಟೇ ಇರುತ್ತದೆ. ತಂದೆಯ ಹೆಸರಿನಿಂದ ಹುಡುಕಬೇಕು. ಮತದಾರರ ಪಟ್ಟಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ಸಂಖ್ಯೆ ಇರುತ್ತವೆ. ಒಂದೇ ಮನೆಯವರು ಒಟ್ಟಿಗೆ ಕಾಣುವುದು ಅದರ ಗುಣ, ವಯಸ್ಸು ಐದು ಹತ್ತರ ಗುಣಕದಲ್ಲಿ ಅಂದಾಜಾಗಿರುವುದು ಅದರ ದೋಷ. ಜನಗಣತಿಯ ವೈಯಕ್ತಿಕ ವಿವರಗಳು ಮಾತ್ರ ನಮಗೆ ದೊರೆಯುವುದಿಲ್ಲ. 1948ರ ಜನಗಣತಿ ಕಾಯ್ದೆ ಅವನ್ನು ಗೋಪ್ಯವೆಂದು ಸಾರಿದೆ.

ಹೆಳವರ ಪಾಠ

ಸರ್ಕಾರಕ್ಕಿಂತ ಮೊದಲೇ ನಮ್ಮ ಸೀಮೆಯಲ್ಲಿ ವಂಶಾವಳಿಯ ದಾಖಲೆ ಇಟ್ಟವರು ಹೆಳವರು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ತಮ್ಮ ಪಾಲಿಗೆ ಬಂದ ಮನೆಗಳ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಅವರ ವೃತ್ತಿ. ಹಿಂದಿನ ಸಲ ಬಂದಾಗಿನಿಂದ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು, ಬಟ್ಟೆ, ಹಣ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಮೂಲ ಊರು ಯಾವುದು, ಅಲ್ಲಿಂದ ಏಕೆ ಬಂದರು, ಬೆಡಗು ಯಾವುದು, ಮನೆದೇವರು ಯಾರು ಎಂಬುದೆಲ್ಲ ಅವರ ಪಾಠದಲ್ಲಿರುತ್ತದೆ. ಹಲವರು ಹೊತ್ತಿಗೆಗಳನ್ನೂ ಇಟ್ಟಿದ್ದಾರೆ. ಉತ್ತರ ಭಾರತದ ಹರಿದ್ವಾರದಲ್ಲಿ ಪಂಡಾಗಳು ಯಾತ್ರಿಕರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಡುತ್ತಾರೆ. ಅಲ್ಲಿ ಜನ ವಹಿಯ ಬಳಿಗೆ ಹೋಗಬೇಕು, ಇಲ್ಲಿ ವಹಿಯೇ ಮನೆಬಾಗಿಲಿಗೆ ಬರುತ್ತದೆ.

ಹೆಳವರ ಪಾಠವನ್ನು ಹೇಗೆ ತೂಗಬೇಕು? ಹೆಸರುಗಳ ಅನುಕ್ರಮದಲ್ಲಿ ಅವರ ಮಾತಿಗೆ ಬೆಲೆಯಿದೆ, ಅದೇ ಅವರ ಜೀವನೋಪಾಯ. ಮನೆತನದ ಹಿರಿಮೆಯ ಕಥೆಗಳಿಗೆ ಅಷ್ಟು ಬೆಲೆ ಕೊಡಲಾಗದು. ದಾನ ಕೊಡುವವರ ಎದುರು ಅವರ ಹಿರಿಯರನ್ನು ಹೊಗಳುವುದು ಸಹಜ. ನಾಲ್ಕು ತಲೆಮಾರಿನ ಹೆಸರು ಉತಾರದೊಂದಿಗೆ ಹೊಂದಿಕೆಯಾದರೆ ಅದಕ್ಕೂ ಹಿಂದಿನ ಎರಡು ಮೂರು ಹೆಸರುಗಳನ್ನು 'ಸಂಭಾವ್ಯ' ಎಂದು ಬರೆದುಕೊಳ್ಳಬಹುದು. ಆದರೆ ಊರಿನ ಶಿಲಾಶಾಸನದಲ್ಲೋ ವೀರಗಲ್ಲಿನಲ್ಲೋ ಕಂಡ ಹೆಸರಿಗೆ ನೇರವಾಗಿ ನೆಗೆಯುವುದು ಸಲ್ಲದು. ನಡುವಿನ ಐದಾರು ನೂರು ವರ್ಷಗಳಿಗೆ ಯಾವ ಕೊಂಡಿಯೂ ಇರುವುದಿಲ್ಲ.

ಒಂದೇ ಹೆಸರು, ಹಲವು ಜನ

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ. ಆದ್ದರಿಂದ ಬಸಪ್ಪ, ಫಕ್ಕೀರಪ್ಪ, ಬಸಪ್ಪ, ಫಕ್ಕೀರಪ್ಪ ಎಂದು ಹೆಸರುಗಳು ತಿರುಗುತ್ತವೆ. ಇಬ್ಬರು ಬಸಪ್ಪರನ್ನು ಒಬ್ಬರೆಂದು ತಿಳಿದರೆ ಎರಡು ತಲೆಮಾರು, ಅಂದರೆ ಐವತ್ತು ಅರವತ್ತು ವರ್ಷ ಕಳೆದುಹೋಗುತ್ತದೆ. ಪ್ರತಿ ಹೆಸರಿನೊಂದಿಗೆ ತಂದೆಯ ಹೆಸರನ್ನೂ ಒಂದು ಇಸವಿಯನ್ನೂ ಜೋಡಿಸಿ ಬರೆಯುವುದೇ ಇದಕ್ಕೆ ಪರಿಹಾರ.

ಅಡ್ಡಹೆಸರೂ ಸ್ಥಿರವಲ್ಲ. ಕುಂದಗೋಳದ ಹೆಸರಾಂತ ಗಾಯಕ ಸವಾಯಿ ಗಂಧರ್ವರ ಮನೆತನದ ಹೆಸರು ಸಂಶಿ, ಜನ ಅವರನ್ನು ರಾಮಭಾವು ಕುಂದಗೋಳಕರ ಎಂದರು. ಒಬ್ಬರ ಹೆಸರಿನಲ್ಲೇ ಎರಡು ಊರುಗಳು. ಊರಿನ ಹೆಸರು ಅಡ್ಡಹೆಸರಾಗುವುದು ಸಾಮಾನ್ಯವಾಗಿ ಊರು ಬಿಟ್ಟ ಮೇಲೆ. ಕುಬಿಹಾಳದಲ್ಲೇ ಇರುವವನನ್ನು ಕುಬಿಹಾಳದವನು ಎಂದು ಕರೆದರೆ ಯಾರನ್ನೂ ಗುರುತಿಸಿದಂತಾಗುವುದಿಲ್ಲ. ಹೀಗಾಗಿ ಊರಿನ ಅಡ್ಡಹೆಸರು ಹೊರಟ ಊರನ್ನು ಸೂಚಿಸುತ್ತದೆ. ಬಡಿಗೇರ, ತಳವಾರ, ಕುಲಕರ್ಣಿ ಮುಂತಾದವು ಕಸುಬನ್ನೋ ವತನವನ್ನೋ ಸೂಚಿಸುತ್ತವೆ. ವತನದಾರ ಮನೆತನಗಳ ವಂಶಾವಳಿ ವತನದ ಕಾಗದಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಸುಳಿವುಗಳ ಬೆಲೆ ಒಂದೇ ಅಲ್ಲ. ಮನೆದೇವರು ಸವದತ್ತಿಯ ಯಲ್ಲಮ್ಮ ಎಂದರೆ ಅದರಿಂದ ತಿಳಿಯುವುದು ಕಡಿಮೆ, ಏಕೆಂದರೆ ಲಕ್ಷಾಂತರ ಮನೆಗಳಿಗೆ ಆಕೆಯೇ ದೇವತೆ. ದೂರದ ಯಾವುದೋ ಸಣ್ಣ ಊರಿನ, ಹೆಚ್ಚು ಜನ ಕೇಳಿರದ ದೇವರಾದರೆ ಆ ಊರಿಗೆ ಹೋಗಿ ನೋಡಬೇಕು. ಅಪರೂಪದ ಸುಳಿವಿನಲ್ಲೇ ಹೆಚ್ಚು ಮಾಹಿತಿ ಇರುತ್ತದೆ.

ಮೂರು ಸಾಕ್ಷಿ, ಒಂದು ಉತ್ತರ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಅಜ್ಜನ ಹುಟ್ಟಿದ ವರ್ಷ ಬೇಕಾಗಿದೆ. 1919ರ ವಾರಸಾ ನಮೂದು ಅವನನ್ನು 5 ವರ್ಷದ ಅಜ್ಞಾನ ಬಾಲಕ ಎನ್ನುತ್ತದೆ, ಅಂದರೆ 1914. ಶಾಲೆಯ ವಹಿ 1912 ಎನ್ನುತ್ತದೆ. 1957ರ ಮತದಾರರ ಪಟ್ಟಿ ವಯಸ್ಸು 40 ಎನ್ನುತ್ತದೆ, ಅಂದರೆ 1917. ಯಾವುದು ಸರಿ?

ಮೊದಲ ಎರಡಕ್ಕೆ 2 ವರ್ಷದ, ಮೂರನೆಯದಕ್ಕೆ 5 ವರ್ಷದ ಅನಿಶ್ಚಿತತೆ ಕೊಡೋಣ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಪ್ರತಿ ಮಾಪನಕ್ಕೂ ಅನಿಶ್ಚಿತತೆಯ ವರ್ಗದ ವಿಲೋಮವನ್ನು ತೂಕವಾಗಿ ಇಟ್ಟರೆ ತೂಕಗಳು 0.25, 0.25, 0.04. ಅವುಗಳ ಮೊತ್ತ 0.54. ತೂಕದ ಸರಾಸರಿ ತೆಗೆದರೆ ಸುಮಾರು 1913.3 ಬರುತ್ತದೆ. ಫಲಿತದ ಅನಿಶ್ಚಿತತೆ 0.54ರ ವರ್ಗಮೂಲದ ವಿಲೋಮ, ಸುಮಾರು 1.4 ವರ್ಷ. ಆದ್ದರಿಂದ '1913, ಒಂದೆರಡು ವರ್ಷ ಹೆಚ್ಚುಕಡಿಮೆ' ಎಂದು ಬರೆಯುವುದು ಪ್ರಾಮಾಣಿಕ ಉತ್ತರ. ಮೂರೂ ಒಂದನ್ನೊಂದು ಅವಲಂಬಿಸದ ಸಾಕ್ಷಿಗಳಾಗಿದ್ದರೆ ಮಾತ್ರ ಈ ಲೆಕ್ಕ ಸರಿ. ಒಂದರಿಂದ ಇನ್ನೊಂದನ್ನು ನಕಲು ಮಾಡಿದ್ದರೆ ಅವು ಎರಡಲ್ಲ, ಒಂದೇ.

ಮರದ ಅರ್ಧ ಎಲ್ಲಿ?

ಈಗ ಮೊದಲಿನ ಖಾಲಿ ಚೀಟಿಗಳಿಗೆ ಬರೋಣ. ನಮ್ಮ ಮನೆತನದ ಗಂಡುಸಂತತಿಯ ಎಳೆಯನ್ನು ನಾನು ಉತಾರ, ವಾರಸಾ ನಮೂದುಗಳಲ್ಲಿ ಹಿಂಬಾಲಿಸುತ್ತ ಹೋದಾಗ ಒಂದು ಸಂಗತಿ ಎದ್ದು ಕಂಡಿತು. ಹಳೆಯ ನಮೂದುಗಳಲ್ಲಿ ಹೆಂಗಸಿನ ಹೆಸರು ಬರುವುದು ಬಹುತೇಕ ಗಂಡಸಿನ ಸಾವಿನೊಂದಿಗೆ. ಗಂಡ ಸತ್ತು ಮಗ ಚಿಕ್ಕವನಿದ್ದರೆ 'ಅ.ಪಾ.ಕ. ತಾಯಿ' ಎಂದು ಅವಳ ಹೆಸರು ಕಾಣುತ್ತದೆ. ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ, ಅಪ್ರಾಪ್ತ ವಯಸ್ಕನ ಪಾಲಕ. ಗಂಡ ಬದುಕಿ ಬಾಳಿ ಮಗ ದೊಡ್ಡವನಾದ ಮೇಲೆ ತೀರಿಕೊಂಡಿದ್ದರೆ ಆ ಸುಖವಾಗಿ ಬಾಳಿದ ಹೆಂಗಸು ದಾಖಲೆಯಲ್ಲೇ ಇಲ್ಲ. 1937ರ ಕಾಯ್ದೆ ಹಿಂದೂ ವಿಧವೆಯರಿಗೆ ಸೀಮಿತ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಅನಂತರ ಹೆಣ್ಣಿನ ಹೆಸರುಗಳು ಸ್ವಲ್ಪ ಹೆಚ್ಚಾಗಿ ಕಾಣತೊಡಗಿದವು.

ಇದು ಒಂದು ಊರಿನ ಕಥೆಯಲ್ಲ. 1951-52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವನ ಹೆಂಡತಿ', 'ಇಂಥವನ ತಾಯಿ' ಎಂದಷ್ಟೇ ಬರೆಸಿದ್ದರಿಂದ ಅವರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಸರಿಲ್ಲದಿದ್ದರೆ ಮತವೂ ಇಲ್ಲ.

ಹೆಸರಿಲ್ಲದಿದ್ದರೆ ಪಾಲೂ ಇಲ್ಲ ಎಂಬುದು ಇಂದಿನ ಮಾತು. ನಾಡಕಚೇರಿಯಲ್ಲಿ ಪಡೆಯುವ ವಂಶವೃಕ್ಷದ ಪ್ರಮಾಣಪತ್ರ ಮನೆಯವರು ಕೊಟ್ಟ ಹೇಳಿಕೆ ಮತ್ತು ಊರಿನಲ್ಲಿ ನಡೆಸಿದ ವಿಚಾರಣೆಯ ಮೇಲೆ ನಿಂತಿರುತ್ತದೆ. ಮದುವೆಯಾಗಿ ಹೋದ ಮಗಳ ಹೆಸರನ್ನು ಮರೆತರೆ, ಅಥವಾ ಮರೆತಂತೆ ಮಾಡಿದರೆ, ಆಕೆ ವಾರಸಾ ನಮೂದಿನಿಂದ ಹೊರಗುಳಿಯುತ್ತಾಳೆ. ಕರ್ನಾಟಕ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಪಾಲುದಾರರನ್ನಾಗಿ ಮಾಡಿತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಪೂರ್ಣ ವಂಶವೃಕ್ಷ ಬರೆಯುವುದು ಹವ್ಯಾಸ ಮಾತ್ರವಲ್ಲ, ಅದು ಒಬ್ಬರ ಹಕ್ಕಿನ ಪ್ರಶ್ನೆ. ಈ ಸೀಮೆಗೆ ಇದು ಹೊಸದೇನೂ ಅಲ್ಲ. ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದದ್ದರಿಂದ 1824ರಲ್ಲಿ ಯುದ್ಧವೇ ನಡೆಯಿತು. ವಾರಸುದಾರ ಯಾರು ಎಂಬುದೇ ಅಲ್ಲಿಯೂ ಪ್ರಶ್ನೆ.

ದಾಖಲೆ ಕಾಣದ ಎಳೆಯನ್ನು ದೇಹ ಮಾತ್ರ ಕಾಪಾಡಿದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಹೋಗುತ್ತದೆ, ಅದು ಉತಾರದ ಎಳೆಯಂತೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿ 16,569 ಪ್ರತ್ಯಾಮ್ಲ ಜೋಡಿಗಳ ಒಂದು ಸಣ್ಣ ಡಿಎನ್‌ಎ ಉಂಗುರವಿದೆ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಮಗಳ ಮೂಲಕ ಮಾತ್ರ ಮುಂದೆ ಹೋಗುತ್ತದೆ. ಖಾಲಿ ಚೀಟಿಯ ಮುತ್ತಜ್ಜಿಯ ಉಂಗುರ ಬಹುಮಟ್ಟಿಗೆ ಹಾಗೆಯೇ ಆ ವಿದ್ಯಾರ್ಥಿಯ ಜೀವಕೋಶಗಳಲ್ಲಿ ಇದೆ. ಆದರೆ ಡಿಎನ್‌ಎಗೆ ಹೆಸರು ಗೊತ್ತಿಲ್ಲ, ಊರೂ ಗೊತ್ತಿಲ್ಲ. ಹೆಸರಿಗೆ ಬೇರೆ ಆಕರ ಹುಡುಕಬೇಕು.

ನನ್ನ ಅಜ್ಜಿಯ ತಾಯಿಯ ಹೆಸರು ನನಗೆ ಯಾವ ಕಚೇರಿಯಲ್ಲೂ ಸಿಗಲಿಲ್ಲ. ನಾನು ಚಿಕ್ಕವನಿದ್ದಾಗ ಕೇಳಿದ ಹೆಳವರ ಪಾಠದಲ್ಲೂ ಇರಲಿಲ್ಲ. ಅದು ಸಿಕ್ಕಿದ್ದು ಅಟ್ಟದ ಮೇಲಿದ್ದ ಹಿತ್ತಾಳೆಯ ಕೊಡದ ಕಂಠದಲ್ಲಿ. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು: ಮಗಳ ಹೆಸರು, ಕೊಟ್ಟ ತಾಯಿಯ ಹೆಸರು, ತವರೂರಿನ ಮೊದಲ ಅಕ್ಷರ. ಇಸವಿ ಇರಲಿಲ್ಲ. ಆಲೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಡೆತನ ಇದ್ದಲ್ಲಿ ಹೆಸರು ಬರೆಯುತ್ತಾರೆ. ಗಂಡಸಿನ ಒಡೆತನ ಹೊಲದಲ್ಲಿತ್ತು, ಹೆಸರು ಉತಾರದಲ್ಲಿ ಉಳಿಯಿತು. ಹೆಂಗಸಿಗೆ ತನ್ನದೆಂದು ಇದ್ದದ್ದು ತವರಿನಿಂದ ಬಂದ ಪಾತ್ರೆ, ಹೆಸರು ಅದರ ಮೇಲೆ ಉಳಿಯಿತು. ಆದ್ದರಿಂದ ಹಳೆಯ ಹಂಡೆ, ಕೊಡ, ತಂಬಿಗೆಗಳನ್ನು ಮೋಡಿನವರಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ತಿಕ್ಕಿ ಓದಿ. ಲಗ್ನಪತ್ರಿಕೆ, ಮುಯ್ಯಿ ಬರೆದ ಪುಸ್ತಕಗಳನ್ನೂ ನೋಡಿ. ಮುಯ್ಯಿ ಪಟ್ಟಿಯಲ್ಲಿ ತವರಿನ ಕಡೆಯವರು ಸಿಗುತ್ತಾರೆ.

ಶಿಕ್ಷಕರಿಗೆ

ಇದನ್ನು ತರಗತಿಯ ಯೋಜನೆಯಾಗಿ ಕೊಡುವುದಾದರೆ ಮೂರು ಮಾತು. ಮೊದಲನೆಯದಾಗಿ, ಪ್ರತಿ ಹೆಸರಿನ ಎದುರು ಆಕರವನ್ನೂ 'ಖಚಿತ', 'ಸಂಭಾವ್ಯ', 'ಕೇಳಿದ್ದು' ಎಂಬ ಮೂರರಲ್ಲಿ ಒಂದನ್ನೂ ಬರೆಸಿ. ಎರಡನೆಯದಾಗಿ, ತಾಯಿಯ ಕಡೆಗೂ ತಂದೆಯ ಕಡೆಯಷ್ಟೇ ಜಾಗ ಬಿಟ್ಟ ನಕ್ಷೆ ಕೊಡಿ. ಖಾಲಿ ಉಳಿದ ಚೌಕವನ್ನು ಅಳಿಸಬಾರದು, ಅದೂ ಒಂದು ಫಲಿತಾಂಶ. ಮೂರನೆಯದಾಗಿ, ಯಾವ ಮಗುವನ್ನೂ ಒತ್ತಾಯಿಸಬೇಡಿ. ದತ್ತಕ, ಎರಡನೆಯ ಮದುವೆ, ಬಿಟ್ಟುಹೋದ ತಂದೆ, ಹೇಳಿಕೊಳ್ಳಲಾಗದ ನೋವು ಎಷ್ಟೋ ಮನೆಗಳಲ್ಲಿವೆ. ನಕ್ಷೆಯನ್ನು ಗೋಡೆಗೆ ಅಂಟಿಸುವ ಅಗತ್ಯವಿಲ್ಲ. ಮನೆತನದ ಬದಲು ಶಾಲೆಯ ಹಳೆಯ ವಹಿಯಲ್ಲಿ ಹುಟ್ಟಿದ ತಿಂಗಳುಗಳನ್ನು ಎಣಿಸಿ ಸ್ತಂಭಾಲೇಖ ಬರೆಯುವ ಕೆಲಸವನ್ನೂ ಕೊಡಬಹುದು. ಜೂನ್ ತಿಂಗಳ ಸ್ತಂಭ ಎಷ್ಟು ಎತ್ತರವಾಗಿದೆ ಎಂಬುದನ್ನು ನೋಡಿ ದತ್ತಾಂಶವನ್ನು ಏಕೆ ಪ್ರಶ್ನಿಸಬೇಕು ಎಂಬುದನ್ನು ಮಕ್ಕಳು ತಾವೇ ಕಲಿಯುತ್ತಾರೆ.

ಇವತ್ತೇ ಮಾಡಬಹುದಾದ ಕೆಲಸವೂ ಒಂದಿದೆ. ಮನೆಯ ಹಿರಿಯ ಹೆಂಗಸಿನ ಬಳಿ ಹೋಗಿ ಆಕೆಯ ತಾಯಿಯ ಹೆಸರನ್ನೂ ಆ ತಾಯಿಯ ತವರೂರನ್ನೂ ಕೇಳಿ ಬರೆದುಕೊಳ್ಳಿ, ಕೆಳಗೆ ಇವತ್ತಿನ ದಿನಾಂಕ ಹಾಕಿ. ಮುಂದಿನ ತಲೆಮಾರಿಗೆ ಅದೇ ಮೊದಲ ದಾಖಲೆ.